ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ

1980ರ ಆಗಸ್ಟ್ 17ರ ರಾತ್ರಿ. ಆಸ್ಟ್ರೇಲಿಯದ ನಡುಭಾಗದ ಮರಳುಗಾಡಿನಲ್ಲಿ, ಉಲೂರು ಎಂಬ ಕೆಂಪು ಬಂಡೆಬೆಟ್ಟದ ಬುಡದಲ್ಲಿ ಪ್ರವಾಸಿಗರು ಡೇರೆ ಹಾಕಿಕೊಂಡಿದ್ದರು. ಚೇಂಬರ್ಲಿನ್ ದಂಪತಿ ಮತ್ತು ಅವರ ಮಕ್ಕಳು ಅವರಲ್ಲಿದ್ದರು. ಒಂಬತ್ತು ವಾರದ ಹಸುಗೂಸು ಅಜಾರಿಯಾಳನ್ನು ಡೇರೆಯೊಳಗೆ ಮಲಗಿಸಲಾಗಿತ್ತು. ಕೂಸಿನ ಕೂಗು ಕೇಳಿ ಅತ್ತ ಹೋದ ತಾಯಿ ಲಿಂಡಿಗೆ ಕಂಡದ್ದು ಡೇರೆಯಿಂದ ಹೊರಬರುತ್ತಿದ್ದ ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ. ಒಳಗೆ ಹಾಸಿಗೆ ಬರಿದಾಗಿತ್ತು.

ಮೊದಲ ವಿಚಾರಣೆ ನಡೆಸಿದ ಅಧಿಕಾರಿ ತಾಯಿಯ ಮಾತನ್ನು ಒಪ್ಪಿದರು. ದೇಶದ ಬಹಳಷ್ಟು ಜನ ಒಪ್ಪಲಿಲ್ಲ. ಟಿವಿಯಲ್ಲಿ ಕಂಡ ಆ ಹೆಂಗಸು ಗೋಳಾಡುತ್ತಿರಲಿಲ್ಲ, ಪ್ರಶ್ನೆಗಳಿಗೆ ಸ್ಥಿಮಿತದಿಂದ ಉತ್ತರಿಸುತ್ತಿದ್ದಳು. ಹೆತ್ತ ಕರುಳು ಹೀಗಿರಲು ಸಾಧ್ಯವೇ ಎಂದು ಜನ ಕೇಳಿದರು. ಕಾರಿನಲ್ಲಿ ಮಗುವಿನ ರಕ್ತ ಸಿಕ್ಕಿದೆ ಎಂಬ ತಜ್ಞರ ವರದಿ ಆ ಅನುಮಾನಕ್ಕೆ ಜೊತೆಯಾಯಿತು. 1982ರ ಅಕ್ಟೋಬರ್‌ನಲ್ಲಿ ಸ್ವಂತ ಮಗುವನ್ನು ಕೊಂದ ಆರೋಪದ ಮೇಲೆ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಕೂಸಿನ ಮೇಲಂಗಿ ಡಿಂಗೊಗಳ ಬಿಲಗಳಿದ್ದ ಜಾಗದ ಹತ್ತಿರ ಸಿಕ್ಕಿತು. ರಕ್ತವೆಂದು ನಂಬಿದ್ದರಲ್ಲಿ ಕಾರಿನ ಸದ್ದಡಗಿಸಲು ಕಾರ್ಖಾನೆಯಲ್ಲೇ ಸಿಂಪಡಿಸಿದ ರಾಸಾಯನಿಕವೂ ಇತ್ತೆಂದು ತಿಳಿಯಿತು. ಲಿಂಡಿ ಬಿಡುಗಡೆಯಾದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ಅಧಿಕೃತ ದಾಖಲೆಯಲ್ಲಿ ಬರೆಯಲು 2012ರವರೆಗೆ ಕಾಯಬೇಕಾಯಿತು.

ತಪ್ಪಾದ ರಕ್ತಪರೀಕ್ಷೆಯನ್ನು ಇನ್ನೊಂದು ಪರೀಕ್ಷೆ ತಿದ್ದಿತು. ಮುಖ ನೋಡಿ ಜನ ಮನಸ್ಸಿನಲ್ಲೇ ಕೊಟ್ಟುಕೊಂಡ ತೀರ್ಪನ್ನು ತಿದ್ದುವವರು ಯಾರು? ಒಳಗಿನ ಅಪರಾಧ ಮೈಮೇಲೆ ಕಾಣಲೇಬೇಕು ಎಂಬ ನಂಬಿಕೆ ಎಲ್ಲ ಸಮಾಜಗಳಲ್ಲೂ ಇದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಮ್ಮ ಗಾದೆಯೇ ಹೇಳುತ್ತದೆ. ಕಳೆದ ಅರ್ಧ ಶತಮಾನದಲ್ಲಿ ಮನೋವಿಜ್ಞಾನಿಗಳು ಈ ನಂಬಿಕೆಯನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. ಫಲಿತಾಂಶ ತಿಳಿದ ಮೇಲೆ ನಾವು ಒಬ್ಬರನ್ನೊಬ್ಬರು ನೋಡುವ ರೀತಿಯೇ ಬದಲಾಗಬೇಕು.

ನಾಣ್ಯಕ್ಕಿಂತ ನಾಲ್ಕು ಹೆಚ್ಚು

ಪ್ರಯೋಗದ ವಿಧಾನ ಸರಳ. ಕೆಲವರಿಗೆ ನಿಜ ಹೇಳಲು, ಕೆಲವರಿಗೆ ಸುಳ್ಳು ಹೇಳಲು ತಿಳಿಸಿ ವಿಡಿಯೊ ಮಾಡುತ್ತಾರೆ. ಯಾರು ಯಾವುದನ್ನು ಹೇಳಿದರೆಂದು ಸಂಶೋಧಕರಿಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ. ನೋಡುಗರು ಪ್ರತಿಯೊಬ್ಬರ ಬಗ್ಗೆಯೂ ನಿಜವೋ ಸುಳ್ಳೋ ಎಂದು ಹೇಳಬೇಕು.

ಇಂಥ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. 24 ಸಾವಿರಕ್ಕೂ ಹೆಚ್ಚು ನೋಡುಗರ ತೀರ್ಮಾನಗಳು ಅದರಲ್ಲಿದ್ದವು. ಸರಾಸರಿ ನಿಖರತೆ ಶೇ 54. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೆ ಶೇ 50 ಬರುತ್ತಿತ್ತು. ನಿಜವನ್ನು ನಿಜವೆಂದು ಗುರುತಿಸಿದ್ದು ಶೇ 61ರಷ್ಟು ಸಲ, ಸುಳ್ಳನ್ನು ಸುಳ್ಳೆಂದು ಗುರುತಿಸಿದ್ದು ಶೇ 47ರಷ್ಟು ಸಲ. ಸುಳ್ಳು ಹಿಡಿಯುವುದರಲ್ಲಿ ನಾವು ನಾಣ್ಯಕ್ಕಿಂತ ಹಿಂದೆ.

ಈ ಎರಡು ಅಂಕಿಗಳ ಅಂತರದಲ್ಲಿ ಮನುಷ್ಯ ಸ್ವಭಾವದ ಒಂದು ಗುಟ್ಟಿದೆ. ನಾವು ಮೊದಲು ನಂಬುತ್ತೇವೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಾಗ ಬಂದ ಉತ್ತರವನ್ನು, ಮಗಳು ಶಾಲೆಯಲ್ಲಿ ನಡೆದದ್ದನ್ನು ಹೇಳಿದಾಗ ಅವಳ ಮಾತನ್ನು ತನಿಖೆ ಮಾಡಲು ಕೂರುವುದಿಲ್ಲ. ಅಮೆರಿಕದ ಸಂವಹನ ವಿಜ್ಞಾನಿ ಟಿಮ್ ಲೆವೀನ್ ಇದನ್ನು ನಮ್ಮ ಸಹಜ ಸ್ಥಿತಿ ಎನ್ನುತ್ತಾರೆ. ಜನ ಬಹುಪಾಲು ಹೊತ್ತು ನಿಜವನ್ನೇ ಆಡುವುದರಿಂದ ನಂಬಿಕೆಯೇ ಲಾಭದ ದಾರಿ. ಕೂಡಿ ಬಾಳುವ ಪ್ರಾಣಿಗೆ ಇದು ದೌರ್ಬಲ್ಯವಲ್ಲ, ಬಲ.

ಅನುಮಾನವನ್ನೇ ವೃತ್ತಿ ಮಾಡಿಕೊಂಡವರು ಇದಕ್ಕಿಂತ ಚುರುಕಾಗಿರುತ್ತಾರೆಯೇ? 2005ರಲ್ಲಿ ಸಾಲ್ ಕ್ಯಾಸಿನ್ ಮತ್ತು ಸಂಗಡಿಗರು ಜೈಲಿನಲ್ಲಿದ್ದ ಕೈದಿಗಳಿಂದ ನಿಜವಾದ ಮತ್ತು ಸುಳ್ಳಾದ ತಪ್ಪೊಪ್ಪಿಗೆಗಳನ್ನು ದಾಖಲಿಸಿ, ಅವನ್ನು ಪೊಲೀಸ್ ತನಿಖಾಧಿಕಾರಿಗಳಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಕೊಟ್ಟರು. ವಿದ್ಯಾರ್ಥಿಗಳೇ ಹೆಚ್ಚು ಸರಿಯಾಗಿ ಗುರುತಿಸಿದರು. ತಾವು ಸರಿ ಎಂಬ ಭರವಸೆ ಹೆಚ್ಚಿದ್ದುದು ಪೊಲೀಸರಲ್ಲಿ. ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ವಿಡಿಯೊ ನೋಡಿದವರಿಗಿಂತ ಧ್ವನಿಯನ್ನಷ್ಟೇ ಕೇಳಿದವರು ಹೆಚ್ಚು ನಿಖರವಾಗಿದ್ದರು. ಮುಖ ಕಾಣಿಸಿದ್ದರಿಂದ ದಾರಿ ತಪ್ಪಿತ್ತು.

ಕಣ್ಣು ತಪ್ಪಿಸುವವರ ಕಥೆ

ಸುಳ್ಳುಗಾರರನ್ನು ಹೇಗೆ ಪತ್ತೆ ಹಚ್ಚುತ್ತೀರಿ ಎಂದು 58 ದೇಶಗಳ ಜನರನ್ನು ಕೇಳಿದ ಅಧ್ಯಯನವೊಂದಿದೆ. ಮೂರರಲ್ಲಿ ಸುಮಾರು ಎರಡು ಪಾಲು ಜನ ಕೊಟ್ಟದ್ದು ಒಂದೇ ಉತ್ತರ. ಸುಳ್ಳು ಹೇಳುವವರು ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಭಾಷೆ, ಧರ್ಮ, ಊಟ, ಉಡುಪು ಎಲ್ಲದರಲ್ಲೂ ಬೇರೆಯಾದ ಜನ ಇದೊಂದರಲ್ಲಿ ಒಮ್ಮತ ತೋರಿದರು.

ಒಮ್ಮತವಿದ್ದ ಮಾತ್ರಕ್ಕೆ ಅದು ನಿಜವಾಗಬೇಕಿಲ್ಲ. ಡಿಪಾಲೊ ಮತ್ತು ಸಂಗಡಿಗರು 2003ರಲ್ಲಿ ಸುಳ್ಳಿನ ಕುರುಹುಗಳೆಂದು ಹೇಳಲಾಗುವ 158 ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೃಷ್ಟಿ ತಪ್ಪಿಸುವುದಕ್ಕೂ ಸುಳ್ಳಿಗೂ ಕಂಡ ಸಂಬಂಧ ಶೂನ್ಯಕ್ಕೆ ಸಮ. ಕೈಕಾಲು ಆಡಿಸುವುದು, ಕುರ್ಚಿಯಲ್ಲಿ ಹೊರಳಾಡುವುದು, ರೆಪ್ಪೆ ಬಡಿಯುವುದು, ಯಾವುದೂ ನೆಚ್ಚಬಹುದಾದ ಗುರುತಾಗಲಿಲ್ಲ. ಸುಳ್ಳು ಕಟ್ಟುವ ಗಮನದಲ್ಲಿ ಕೆಲವರು ಕೈಯನ್ನು ಮೊದಲಿಗಿಂತ ಕಡಿಮೆ ಆಡಿಸುತ್ತಾರೆ, ರೆಪ್ಪೆಯನ್ನೂ ಕಡಿಮೆ ಬಡಿಯುತ್ತಾರೆ. ತುಸುವಾದರೂ ಸಂಬಂಧ ತೋರಿದ್ದು ಹೆಚ್ಚಾಗಿ ಮಾತಿನ ಗುಣಗಳು. ಸುಳ್ಳಿನ ಕಥೆಯಲ್ಲಿ ವಿವರ ಕಡಿಮೆ, ಹೊಂದಾಣಿಕೆ ಕಡಿಮೆ. ಅದೂ ಸರಾಸರಿಯ ಲೆಕ್ಕದಲ್ಲಿ. ಎದುರಿಗೆ ಕುಳಿತ ಒಬ್ಬ ವ್ಯಕ್ತಿಯ ಬಗ್ಗೆ ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು.

ಕಣ್ಣಿನ ಸಿದ್ಧಾಂತ ಯಾಕೆ ಸೋಲುತ್ತದೆ ಎಂಬುದು ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಈ ನಂಬಿಕೆ ಸುಳ್ಳುಗಾರರಿಗೂ ಗೊತ್ತು. ಆದ್ದರಿಂದ ಅವರು ಪ್ರಯತ್ನಪಟ್ಟು ನೇರವಾಗಿ ನೋಡುತ್ತಾರೆ. ಅದೇ ಹೊತ್ತಿಗೆ ಪ್ರಾಮಾಣಿಕರು ನೆನಪಿಗಾಗಿ ತಡಕಾಡುವಾಗ ಛಾವಣಿಯನ್ನೋ ನೆಲವನ್ನೋ ನೋಡುತ್ತಾರೆ. ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಗದರುವಾಗ ತಲೆ ತಗ್ಗಿಸುವುದೇ ಮರ್ಯಾದೆ, ದಿಟ್ಟಿಸಿ ನೋಡುವುದು ಉದ್ಧಟತನ. ಹಾಗೆ ಬೆಳೆದ ಮಗು ಮುಂದೆ ಸಂದರ್ಶನದ ಕೊಠಡಿಯಲ್ಲಿ ಕಣ್ಣು ತಗ್ಗಿಸಿದರೆ ಏನನ್ನೋ ಮುಚ್ಚಿಡುತ್ತಿದೆ ಎನಿಸಿಕೊಳ್ಳುತ್ತದೆ. ಆಟಿಸಂ ಇರುವ ಎಷ್ಟೋ ಜನರಿಗೆ ಕಣ್ಣಲ್ಲಿ ಕಣ್ಣಿಡುವುದೇ ಹಿಂಸೆ.

ಎಡಕ್ಕೆ ಮೇಲೆ ನೋಡಿದರೆ ನೆನಪು, ಬಲಕ್ಕೆ ಮೇಲೆ ನೋಡಿದರೆ ಕಟ್ಟುಕಥೆ ಎಂಬ ಮಾತನ್ನು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಕೇಳಿರಬಹುದು. ಬ್ರಿಟನ್ನಿನ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಅದನ್ನೂ ಪರೀಕ್ಷಿಸಿದರು. ಆಧಾರ ಸಿಗಲಿಲ್ಲ.

ಮೈಗೆ ಗೊತ್ತಿರುವುದು ಭಯ ಮಾತ್ರ

ಹಾಗಾದರೆ ಬೆವರುವುದು, ಬಾಯಿ ಒಣಗುವುದು, ದನಿ ನಡುಗುವುದು ಸುಳ್ಳೇ? ಅಲ್ಲ, ಅವೆಲ್ಲ ನಿಜ. ಅವುಗಳ ಕಾರಣವನ್ನು ನಾವು ತಪ್ಪಾಗಿ ಊಹಿಸುತ್ತೇವೆ.

ಅಪಾಯದ ಸುಳಿವು ಸಿಕ್ಕಿದೊಡನೆ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಚ್ಚರಗೊಳ್ಳುತ್ತದೆ. ಅದರ ಸೂಚನೆ ಹೈಪೊಥಲಾಮಸ್ ಮೂಲಕ ಅನುವೇದಕ ನರವ್ಯೂಹಕ್ಕೆ ಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಹೃದಯ ಬಡಿತ ಏರುತ್ತದೆ. ಅಂಗೈ ಬೆವರುತ್ತದೆ. ಜೊಲ್ಲು ಕಡಿಮೆಯಾಗಿ ಮಂದವಾಗುತ್ತದೆ. ಗಂಟಲಿನ ಸ್ನಾಯುಗಳು ಬಿಗಿದು ದನಿ ಏರುತ್ತದೆ. ಓಡಲು ಅಥವಾ ಹೋರಾಡಲು ಮೈಯನ್ನು ಅಣಿಗೊಳಿಸುವ ಈ ಏರ್ಪಾಡು ಸುಳ್ಳು ಪತ್ತೆಗಾಗಿ ಬೆಳೆದು ಬಂದದ್ದಲ್ಲ. ಸಿಕ್ಕಿಬೀಳುವ ಭಯಕ್ಕೂ, ನಿಜ ಹೇಳಿದರೂ ನಂಬಲಾರರು ಎಂಬ ಭಯಕ್ಕೂ ಅಡ್ರಿನಲಿನ್ ಒಂದೇ. ಠಾಣೆಯ ಮೆಟ್ಟಿಲನ್ನೇ ಎಂದೂ ಹತ್ತದ ಮನುಷ್ಯನನ್ನು ಅಲ್ಲಿ ಕೂರಿಸಿ, ನೀನೇ ತಾನೇ ಎಂದು ಗದರಿದರೆ ಅವನ ಮೈ ನಡುಗುವುದು ಅಪರಾಧದಿಂದಲ್ಲ, ಗದರಿಕೆಯಿಂದ.

ಭಯವನ್ನು ಅಪರಾಧವೆಂದು ಓದುವ ಈ ತಪ್ಪಿಗೆ ಒಥೆಲೊ ದೋಷ ಎಂದು ಹೆಸರಿಟ್ಟವರು ಅಮೆರಿಕದ ಪಾಲ್ ಎಕ್‌ಮನ್. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಒಥೆಲೊ ತನ್ನ ಹೆಂಡತಿ ಡೆಸ್ಡಿಮೋನಾಳ ಭಯವನ್ನು ಕಂಡು, ಅದು ವಂಚನೆಯ ಕುರುಹೆಂದು ಬಗೆದು ಅವಳನ್ನು ಕೊಲ್ಲುತ್ತಾನೆ. ಅವಳು ಹೆದರಿದ್ದು ಅವನ ಕೋಪಕ್ಕೆ.

ಇದೇ ಎಕ್‌ಮನ್ ಮುಖದ ಸೂಕ್ಷ್ಮ ಭಾವಗಳ ಅಧ್ಯಯನಕ್ಕೂ ಪ್ರಸಿದ್ಧರು. ಮುಚ್ಚಿಡಲು ಯತ್ನಿಸಿದ ಭಾವ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಮುಖದ ಮೇಲೆ ಮಿಂಚಿ ಮಾಯವಾಗುತ್ತದೆ ಎಂಬುದು ಅವರ ವಾದ. ಕೆನಡಾದ ಸ್ಟೀಫನ್ ಪೋರ್ಟರ್ ಮತ್ತು ಲಿಯಾನ್ ಟೆನ್ ಬ್ರಿಂಕಿ 2008ರಲ್ಲಿ ಸುಮಾರು 700 ಮುಖಭಾವಗಳ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಪರಿಶೀಲಿಸಿದರು. ಇಂಥ ಕ್ಷಣಿಕ ಭಾವ ಸಿಕ್ಕಿದ್ದು 14ರಲ್ಲಿ. ಅವೂ ಮುಖದ ಅರ್ಧಕ್ಕೆ ಸೀಮಿತವಾಗಿದ್ದವು, ಪ್ರಾಮಾಣಿಕ ಮುಖಗಳಲ್ಲೂ ಇದ್ದವು. ಇಷ್ಟು ಅಪರೂಪದ ಗುರುತನ್ನು ನೆಚ್ಚಿ ಜನರನ್ನು ಸೋಸಲಾಗದು.

ಆದರೂ ಸೋಸಿದರು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಸಾವಿರಾರು ಸಿಬ್ಬಂದಿಗೆ ಪ್ರಯಾಣಿಕರ ಹಾವಭಾವ ಗಮನಿಸುವ ತರಬೇತಿ ಕೊಟ್ಟು ನಿಲ್ಲಿಸಲಾಯಿತು. 2007ರಿಂದ ಸುಮಾರು 90 ಕೋಟಿ ಡಾಲರ್ ಖರ್ಚಾಯಿತು. 2013ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ, 60 ವರ್ಷಗಳ 400ಕ್ಕೂ ಹೆಚ್ಚು ಅಧ್ಯಯನಗಳನ್ನು ಆಧರಿಸಿದ ವಿಶ್ಲೇಷಣೆಗಳನ್ನು ಮುಂದಿಟ್ಟು, ಈ ವಿಧಾನ ಊಹೆಗಿಂತ ಹೆಚ್ಚೇನೂ ಉತ್ತಮವಲ್ಲ ಎಂದಿತು. ಅದಕ್ಕೆ ಕೊಡುವ ಹಣ ಮಿತಿಗೊಳಿಸಲು ಶಿಫಾರಸು ಮಾಡಿತು.

ಕಲ್ಯಾಣದಿಂದ ಬಂದ ಎಚ್ಚರಿಕೆ

ಈ ಎಚ್ಚರಿಕೆಯನ್ನು ಒಂಬತ್ತು ಶತಮಾನಗಳ ಹಿಂದೆಯೇ ಕೊಟ್ಟವರೊಬ್ಬರು ನಮ್ಮ ನೆಲದಲ್ಲಿದ್ದರು.

ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಕಾಂಡದಲ್ಲಿ ಸುಳ್ಳು ವಾದಿ ಅಥವಾ ಸುಳ್ಳು ಸಾಕ್ಷಿಯ ಲಕ್ಷಣಗಳ ಪಟ್ಟಿಯಿದೆ. ಅವನು ನಿಂತಲ್ಲಿ ನಿಲ್ಲುವುದಿಲ್ಲ, ಬಾಯಿಯ ಅಂಚು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ, ಮಾತು ಒಣಗಿ ತೊದಲುತ್ತದೆ, ಪರಸ್ಪರ ವಿರುದ್ಧವಾಗಿ ಬಹಳ ಮಾತಾಡುತ್ತಾನೆ, ನೋಟಕ್ಕೆ ನೋಟ ಕೊಡುವುದಿಲ್ಲ. ಇಂದಿನ ಶರೀರಭಾಷೆಯ ಪುಸ್ತಕಗಳ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದವರು ವಿಜ್ಞಾನೇಶ್ವರ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ ವಿದ್ವಾಂಸರು. ಹಿಂದೂ ಉತ್ತರಾಧಿಕಾರದ ಪ್ರಶ್ನೆಗಳಿಗೆ ಭಾರತದ ಬಹುಭಾಗದ ನ್ಯಾಯಾಲಯಗಳು ಅವರ ಗ್ರಂಥವನ್ನೇ ಆಧಾರವಾಗಿ ಹಿಡಿದವು. ಆಸ್ತಿ ಪಾಲಿನ ಚರ್ಚೆಯಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಸುಳ್ಳಿನ ಲಕ್ಷಣಗಳ ಪಟ್ಟಿಗೆ ಅವರು ಬರೆದ ವಿವರಣೆಯೂ ಅಷ್ಟೇ ಪ್ರಸಿದ್ಧವಾಗಬೇಕಿತ್ತು.

ಈ ಲಕ್ಷಣಗಳು ದೋಷದ ಸಾಧ್ಯತೆಯನ್ನು ಮಾತ್ರ ಸೂಚಿಸುತ್ತವೆ, ದೋಷವನ್ನು ನಿಶ್ಚಯಿಸುವುದಿಲ್ಲ ಎಂಬುದು ಅವರ ವಿವರಣೆ. ಕಾರಣವನ್ನೂ ಕೊಡುತ್ತಾರೆ. ಒಬ್ಬನ ಸ್ವಭಾವದಿಂದಲೇ ಬಂದ ವಿಕಾರ ಯಾವುದು, ಸಂದರ್ಭದಿಂದ ಉಂಟಾದ ವಿಕಾರ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಅಲ್ಲಿಗೇ ನಿಲ್ಲುವುದಿಲ್ಲ. ಯಾರೋ ಬಹು ಚತುರನೊಬ್ಬ ಆ ವ್ಯತ್ಯಾಸವನ್ನು ಗುರುತಿಸಿದನೆಂದೇ ಇಟ್ಟುಕೊಳ್ಳೋಣ, ಆಗಲೂ ಅದರ ಮೇಲೆ ಸೋಲಿನ ತೀರ್ಪು ಕೊಡಲಾಗದು ಎನ್ನುತ್ತಾರೆ. ಸಾವಿನ ಲಕ್ಷಣ ಕಂಡಿತೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆ ಮಾಡುವುದಿಲ್ಲ ಎಂಬುದು ಅವರ ಹೋಲಿಕೆ.

ನಾನು ಓದಿದ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಖಚಿತವಾದ ಮಾತು ಇನ್ನೊಂದಿಲ್ಲ. ನಮ್ಮ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮು ಸಾಕ್ಷಿಯ ವರ್ತನೆಯ ಬಗ್ಗೆ ಮುಖ್ಯವೆನಿಸಿದ್ದನ್ನು ಬರೆದಿಡಲು ನ್ಯಾಯಾಧೀಶರಿಗೆ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಅದನ್ನು ಬಳಸುವ ಪ್ರತಿಯೊಬ್ಬರ ಮೇಜಿನ ಮೇಲೂ ವಿಜ್ಞಾನೇಶ್ವರರ ಈ ವಿವರಣೆ ಇರಬೇಕು.

ಯಂತ್ರದ ಲೆಕ್ಕಾಚಾರ

ಕಣ್ಣು ನಂಬಲಾಗದಿದ್ದರೆ ಯಂತ್ರವನ್ನಾದರೂ ನಂಬಬಹುದಲ್ಲ ಎನಿಸಬಹುದು. 1921ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ರೂಪಿಸಿದ ಪಾಲಿಗ್ರಾಫ್ ರಕ್ತದೊತ್ತಡ, ನಾಡಿಬಡಿತ, ಉಸಿರಾಟಗಳನ್ನು ಒಟ್ಟಿಗೆ ದಾಖಲಿಸುತ್ತಿತ್ತು. ಮುಂದೆ ಚರ್ಮದ ಬೆವರೂ ಸೇರಿತು. ಯಂತ್ರದ ಅಳತೆ ನಿಖರ. ಅಳೆಯುವುದು ಮಾತ್ರ ಮೇಲೆ ಹೇಳಿದ ಅದೇ ಉದ್ವೇಗವನ್ನು.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ತನ್ನ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎನ್ನಿ. ಅವರಲ್ಲಿ 8 ಮಂದಿಯನ್ನಾದರೂ ಹಿಡಿಯುವಷ್ಟು ಪರೀಕ್ಷೆಯನ್ನು ಬಿಗಿಗೊಳಿಸಿದರೆ, ಪರೀಕ್ಷೆ ಸಾಕಷ್ಟು ಒಳ್ಳೆಯದೆಂದು ಉದಾರವಾಗಿ ಒಪ್ಪಿದರೂ, ಅನುಮಾನಕ್ಕೆ ಒಳಗಾಗುವವರ ಸಂಖ್ಯೆ 1,606. ಅಂದರೆ 8 ಜನ ನಿಜವಾದ ಗೂಢಚಾರರ ಜೊತೆಗೆ 1,598 ನಿರಪರಾಧಿಗಳು. ಇನ್ನಿಬ್ಬರು ಗೂಢಚಾರರು ಪಾಸಾಗಿ ಒಳಗೇ ಉಳಿಯುತ್ತಾರೆ. ತಪ್ಪಿತಸ್ಥರು ವಿರಳವಾಗಿರುವ ಕಡೆ ದೊಡ್ಡ ಬಲೆ ಬೀಸುವ ಯಾವ ಪರೀಕ್ಷೆಗೂ ಇದೇ ಗತಿ.

ಈ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. 2000ದ ದಶಕದಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಸೋಡಿಯಂ ಪೆಂಟೊಥಾಲ್ ಕೊಟ್ಟು ಆರೋಪಿಗಳನ್ನು ಮಾತಾಡಿಸುವ ದೃಶ್ಯಗಳು ಟಿವಿಯಲ್ಲಿ ಬಂದವು. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಮಿದುಳಿನ ವಿದ್ಯುತ್ ಅಲೆಗಳಿಂದ ಅಪರಾಧದ ನೆನಪನ್ನು ಗುರುತಿಸುವ ವಿಧಾನ ರೂಪಿಸಿದ್ದರು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಅದರ ಫಲಿತಾಂಶವನ್ನೂ ಪರಿಗಣಿಸಿ ಶಿಕ್ಷೆ ವಿಧಿಸಿದ್ದು ಜಗತ್ತಿನ ಗಮನ ಸೆಳೆಯಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ಮಿದುಳು ಪರೀಕ್ಷೆ ವೈಜ್ಞಾನಿಕವಲ್ಲ ಎಂದಿತು.

2010ರ ಮೇ 5ರಂದು ಸುಪ್ರೀಂ ಕೋರ್ಟ್ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಪಾಲಿಗ್ರಾಫ್, ಮಿದುಳು ಪರೀಕ್ಷೆ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿಗೆ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿಗೆ ಅದು ವಿರುದ್ಧ. ಒಪ್ಪಿಗೆಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಬೇರೆ ವಸ್ತುವೋ ಮಾಹಿತಿಯೋ ಸಿಕ್ಕರೆ ಅದನ್ನು ಕಾನೂನಿನ ಪ್ರಕಾರ ಪರಿಗಣಿಸಬಹುದು.

ಮುಖ ಬಿಟ್ಟು ಮಾತು ಹಿಡಿದಾಗ

ಸುಳ್ಳು ಪತ್ತೆಯೇ ಅಸಾಧ್ಯವೆಂದು ಇದರರ್ಥವಲ್ಲ. ಸುಮ್ಮನೆ ನೋಡುತ್ತ ಕೂರುವ ಬದಲು ಸರಿಯಾದ ಪ್ರಶ್ನೆ ಕೇಳಿದರೆ ಚಿತ್ರ ಬದಲಾಗುತ್ತದೆ.

ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಆಲ್ಡರ್ಟ್ ವ್ರೈ ಹಿಡಿದ ದಾರಿ ಇದು. ಸುಳ್ಳು ಕಟ್ಟುವುದು ಶ್ರಮದ ಕೆಲಸ. ಕಥೆ ಹೆಣೆಯಬೇಕು, ಹಿಂದೆ ಹೇಳಿದ್ದನ್ನು ನೆನಪಿಡಬೇಕು, ಕೇಳುವವರು ನಂಬಿದರೇ ಎಂದು ಗಮನಿಸಬೇಕು. ಆ ಭಾರವನ್ನು ಇನ್ನಷ್ಟು ಹೆಚ್ಚಿಸಿದರೆ ಕಥೆ ಸಡಿಲವಾಗುತ್ತದೆ. ನಡೆದದ್ದನ್ನು ಕೊನೆಯಿಂದ ಮೊದಲಿಗೆ ಹೇಳಲು ಕೇಳುವುದು ಒಂದು ಉಪಾಯ. ಇನ್ನೊಂದು, ನಿರೀಕ್ಷಿಸದ ಪ್ರಶ್ನೆ. ಇಬ್ಬರು ಒಟ್ಟಿಗೆ ಹೋಟೆಲಿನಲ್ಲಿ ಊಟ ಮಾಡುತ್ತಿದ್ದೆವು ಎನ್ನುತ್ತಾರೆ. ಏನು ತಿಂದಿರಿ ಎಂಬುದಕ್ಕೆ ಉತ್ತರ ಮೊದಲೇ ಸಿದ್ಧವಿರುತ್ತದೆ. ಬೇರೆ ಬೇರೆ ಕೂರಿಸಿ, ಮೇಜುಗಳು ಎಲ್ಲೆಲ್ಲಿದ್ದವು, ನೀವು ಎಲ್ಲಿ ಕುಳಿತಿದ್ದಿರಿ, ಚಿತ್ರ ಬರೆದು ತೋರಿಸಿ ಎಂದರೆ ಜೊತೆಗಿದ್ದವರ ಚಿತ್ರಗಳು ಹೊಂದುತ್ತವೆ, ಇಲ್ಲದವರದು ಹೊಂದುವುದಿಲ್ಲ. ವ್ರೈ ತಂಡದ 2009ರ ಪ್ರಯೋಗದಲ್ಲಿ ಹೀಗೆ ಶೇ 80ರವರೆಗೆ ಜೋಡಿಗಳನ್ನು ಸರಿಯಾಗಿ ಗುರುತಿಸಲಾಯಿತು.

ಸ್ವೀಡನ್ನಿನಲ್ಲಿ ಪಾರ್ ಆ್ಯಂಡರ್ಸ್ ಗ್ರಾನ್‌ಹಾಗ್ ಮತ್ತು ಮರಿಯಾ ಹಾರ್ಟ್‌ವಿಗ್ ರೂಪಿಸಿದ ವಿಧಾನ ಸಾಕ್ಷ್ಯವನ್ನು ಬಳಸುವ ಹೊತ್ತಿಗೆ ಸಂಬಂಧಿಸಿದ್ದು. ಅಂಗಡಿಯೊಂದರಲ್ಲಿ ಕಳುವಾದ ಚೀಲದ ಮೇಲೆ ಒಬ್ಬರ ಬೆರಳಚ್ಚು ಸಿಕ್ಕಿದೆ ಎನ್ನಿ. ಸಾಮಾನ್ಯವಾಗಿ ತನಿಖಾಧಿಕಾರಿ ಅದನ್ನು ಮೊದಲೇ ಮುಂದಿಟ್ಟು ದಬಾಯಿಸುತ್ತಾರೆ. ಕಳ್ಳನಿಗೆ ಅದಕ್ಕೆ ಹೊಂದುವ ಕಥೆ ಕಟ್ಟಲು ಅವಕಾಶ ಸಿಗುತ್ತದೆ. ಅದರ ಬದಲು ಬೆರಳಚ್ಚಿನ ಸುದ್ದಿ ಎತ್ತದೆ, ಆ ದಿನ ಅಂಗಡಿಯಲ್ಲಿ ಏನೇನು ಮಾಡಿದಿರಿ ಎಂದು ಸಾವಧಾನವಾಗಿ ಕೇಳಬೇಕು. ನಿರಪರಾಧಿ ಮುಚ್ಚಿಡುವುದಕ್ಕೆ ಏನೂ ಇಲ್ಲದ್ದರಿಂದ ಚೀಲ ಅಡ್ಡವಿತ್ತು, ಸರಿಸಿದೆ ಎಂದು ತಾನಾಗಿ ಹೇಳುವ ಸಂಭವ ಹೆಚ್ಚು. ಕದ್ದವನು ಚೀಲದ ಹತ್ತಿರವೇ ಹೋಗಲಿಲ್ಲ ಎನ್ನುತ್ತಾನೆ. 2006ರ ಪ್ರಯೋಗದಲ್ಲಿ ಈ ತರಬೇತಿ ಪಡೆದ ಪೊಲೀಸ್ ಪ್ರಶಿಕ್ಷಣಾರ್ಥಿಗಳ ನಿಖರತೆ ಶೇ 85, ಪಡೆಯದವರದು ಶೇ 56. ಇಲ್ಲಿ ಗೆದ್ದದ್ದು ತೀಕ್ಷ್ಣ ದೃಷ್ಟಿಯಲ್ಲ, ಮಾತನ್ನು ಸಾಕ್ಷ್ಯದ ಪಕ್ಕ ಇಟ್ಟು ನೋಡುವ ತಾಳ್ಮೆ. ಈ ವಿಧಾನಗಳೂ ತಪ್ಪುತ್ತವೆ. ನೆನಪು ಎಲ್ಲರಿಗೂ ಕೈಕೊಡುತ್ತದೆ, ಪ್ರಾಮಾಣಿಕರಿಗೂ. ಆದರೆ ಇಲ್ಲಿ ಬರುವ ಉತ್ತರವನ್ನು ಹೊರಗೆ ಹೋಗಿ ಪರಿಶೀಲಿಸಬಹುದು. ಹಣೆಯ ಬೆವರನ್ನು ಹಾಗೆ ಪರಿಶೀಲಿಸಲು ಬರುವುದಿಲ್ಲ.

ಈ ವಿಜ್ಞಾನ ಅತಿ ಹೆಚ್ಚು ಬೇಕಾಗಿರುವುದು ದುರ್ಬಲರಿಗೆ. ನಾರ್ವೆಯಲ್ಲಿ ನಡೆದ ಪ್ರಯೋಗವೊಂದರಲ್ಲಿ ಅತ್ಯಾಚಾರದ ದೂರಿನ ಒಂದೇ ಹೇಳಿಕೆಯನ್ನು ನಟಿಯೊಬ್ಬರಿಂದ ಬೇರೆ ಬೇರೆ ಭಾವಗಳಲ್ಲಿ ಹೇಳಿಸಿ ತೋರಿಸಿದರು. ಅಳುತ್ತ ಹೇಳಿದಾಗ ಜನ ಹೆಚ್ಚು ನಂಬಿದರು, ಭಾವವಿಲ್ಲದೆ ಹೇಳಿದಾಗ ಕಡಿಮೆ ನಂಬಿದರು. ಮಾತುಗಳು ಒಂದೇ ಆಗಿದ್ದವು. ಆಘಾತಕ್ಕೆ ಒಳಗಾದವರಲ್ಲಿ ಕೆಲವರು ಅಳುತ್ತಾರೆ, ಕೆಲವರು ಮರಗಟ್ಟಿದಂತೆ ಕೂರುತ್ತಾರೆ. ದೂರು ಕೊಡಲು ಬಂದ ಹೆಣ್ಣುಮಗಳು ಅಳಲಿಲ್ಲ ಎಂಬುದು ಅವಳ ಮಾತಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮನೆಯಲ್ಲಿ ಸರ ಕಾಣೆಯಾದಾಗ ಕೆಲಸದಾಕೆ ತಡಬಡಿಸಿದರೆ, ಕೆಲಸ ಹೋದೀತು, ಮಾನ ಹೋದೀತು ಎಂಬ ಭಯವೇ ಅದಕ್ಕೆ ಸಾಕಷ್ಟು ಕಾರಣ. ತರಗತಿಯಲ್ಲಿ ಬೆವೆತು ನಿಂತ ಹುಡುಗನಿಗೆ ಮೇಷ್ಟರ ಏರುದನಿಯೇ ಸಾಕು.

ಅನುಮಾನ ಬರುವುದನ್ನು ಯಾರೂ ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅದು ವಿಚಾರಣೆಯ ಮೊದಲ ಹೆಜ್ಜೆ. ಅದನ್ನೇ ಕೊನೆಯ ಹೆಜ್ಜೆ ಮಾಡಿಕೊಂಡಾಗ ಅನ್ಯಾಯವಾಗುತ್ತದೆ. ಯಾರ ಮುಖ ನೋಡಿಯಾದರೂ ಮನಸ್ಸಿನಲ್ಲಿ ತೀರ್ಪು ಏಳುತ್ತಿದ್ದರೆ, ದನಿ ತಗ್ಗಿಸಿ, ಅವರನ್ನು ಕೂರಿಸಿ, ನಡೆದದ್ದನ್ನು ಅವರದೇ ಮಾತಿನಲ್ಲಿ ಪೂರ್ತಿ ಹೇಳಲು ಬಿಡಿ. ಹೇಳಿದ್ದರಲ್ಲಿ ಪರಿಶೀಲಿಸಬಹುದಾದದ್ದು ಏನಿದೆಯೋ ಅದನ್ನು ಹೋಗಿ ಪರಿಶೀಲಿಸಿ. ಪರಿಶೀಲಿಸಲು ಏನೂ ಸಿಗದಿದ್ದರೆ ತೀರ್ಪನ್ನು ತಡೆಹಿಡಿಯಿರಿ.